ಕಾಬೋದಲ್ಲಿ ಎಟಿವಿ: ಮನೆಯವರಲ್ಲಿ ಯಾರು ಯಾವ ಗಾಡಿ ಹತ್ತಬೇಕು?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇವೆ. ಡಿಸೆಂಬರ್ ಕೊನೆ ವಾರ ಮೆಕ್ಸಿಕೋದ ಕಾಬೋ ಸಾನ್ ಲೂಕಸ್‌ಗೆ ರಜೆಗೆ ಹೋಗುತ್ತಿದ್ದೇವೆ. ನಾನು, ಹೆಂಡತಿ, 9 ವರ್ಷದ ಮಗ, ಜೊತೆಗೆ ದಾವಣಗೆರೆಯಿಂದ ಬಂದಿರುವ ಅಪ್ಪ (66) ಮತ್ತು ಅಮ್ಮ (61). ಮರುಭೂಮಿ, ಬೀಚ್ ಎರಡರಲ್ಲೂ ಸುತ್ತಿಸುವ ಗೈಡೆಡ್ ಎಟಿವಿ (ಕಚ್ಚಾ ದಾರಿಯಲ್ಲಿ ಓಡುವ ನಾಲ್ಕು ಚಕ್ರದ ಬೈಕ್) ಟೂರ್ ಬುಕ್ ಮಾಡೋಣ ಅಂತ ಇದ್ದೇನೆ. ಊರಲ್ಲಿದ್ದಾಗ ನಾನು ಬುಲೆಟ್ ಓಡಿಸುತ್ತಿದ್ದೆ, ಹೆಂಡತಿ ಸ್ಕೂಟಿ. ಮಗನನ್ನು ಹಿಂದೆ ಕೂರಿಸಿಕೊಳ್ಳಬಹುದಾ? ಅಪ್ಪನಿಗೆ ಡಿಸ್ಕ್ ತೊಂದರೆ ಇದೆ, ಆದರೂ ಬರುತ್ತೇನೆ ಅಂತ ಹಟ. ಎಂಥ ಟೂರ್ ಆರಿಸಬೇಕು, ಏನೇನು ನೋಡಿಕೊಳ್ಳಬೇಕು?

ಉತ್ತರ: ಮಗನನ್ನು ಎಟಿವಿ ಹಿಂದೆ ಕೂರಿಸಿಕೊಳ್ಳಬೇಡಿ. ಅಪ್ಪನನ್ನು ಯಾವ ಗಾಡಿಯನ್ನೂ ಹತ್ತಿಸಬೇಡಿ. ಇವೆರಡು ಬಿಟ್ಟು ಉಳಿದದ್ದನ್ನೆಲ್ಲ ಕೂತು ಮಾತಾಡಿ ತೀರ್ಮಾನಿಸಬಹುದು.

ಎಲ್ಲರೂ ಟೂರ್ ಆರಿಸುವುದು ಫೋಟೋ ನೋಡಿ, ರೇಟು ನೋಡಿ. ನಾನು ಆಫ್‌ರೋಡ್ ಓಡಿಸುವುದನ್ನು ಕಲಿಸುವವನು. ನನ್ನ ಲೆಕ್ಕದಲ್ಲಿ ಯಾವ ಕಂಪನಿ ಅನ್ನುವುದು ಆಮೇಲಿನ ಮಾತು. ಮನೆಯ ಐದು ಜನರಲ್ಲಿ ಯಾರು ಯಾವ ಗಾಡಿಯಲ್ಲಿ ಅನ್ನುವುದು ಮೊದಲು ಇತ್ಯರ್ಥ ಆಗಬೇಕು. ಅದು ಸರಿಯಾದರೆ ಸಾಧಾರಣ ಟೂರ್ ಕೂಡ ಚೆನ್ನಾಗಿರುತ್ತದೆ. ಅದು ತಪ್ಪಿದರೆ ಎಷ್ಟು ಒಳ್ಳೆ ಗೈಡ್ ಇದ್ದರೂ ಕಷ್ಟ.

ಕಾಬೋದಲ್ಲಿ ನಿಮ್ಮ ಮುಂದೆ ಎರಡು ಥರದ ಗಾಡಿ ಇಡುತ್ತಾರೆ. ಒಂದು ಎಟಿವಿ. ನಾಲ್ಕು ಚಕ್ರ, ಬೈಕಿನ ಥರ ಸೀಟು, ಬೈಕಿನ ಥರ ಹ್ಯಾಂಡಲ್. ಇನ್ನೊಂದು ಯುಟಿವಿ, ಸೈಡ್-ಬೈ-ಸೈಡ್ ಅಂತಲೂ ಕರೆಯುತ್ತಾರೆ. ಪೋಲಾರಿಸ್ ರೇಜರ್, ಕ್ಯಾನ್-ಆಮ್ ಅಂತೆಲ್ಲ ಹೆಸರು ಕೇಳಿರಬಹುದು. ಇದಕ್ಕೆ ಸ್ಟೀರಿಂಗ್ ಇದೆ, ಕಾರಿನ ಥರ ಪೆಡಲ್ ಇದೆ, ಸೀಟ್ ಬೆಲ್ಟ್ ಇದೆ, ತಲೆ ಮೇಲೆ ಕಬ್ಬಿಣದ ಪಂಜರ ಇದೆ. ಎರಡು ಸೀಟಿನದೂ ಸಿಗುತ್ತದೆ, ನಾಲ್ಕು ಸೀಟಿನದೂ ಸಿಗುತ್ತದೆ. ಉರುಳಿದರೆ ಎಟಿವಿ ನಿಮ್ಮ ಮೈಮೇಲೆ ಬೀಳುತ್ತದೆ. ಯುಟಿವಿ ಉರುಳಿದರೆ ಬೆಲ್ಟ್ ಹಾಕಿಕೊಂಡು, ಕೈಕಾಲು ಒಳಗಿಟ್ಟುಕೊಂಡವರು ಪಂಜರದೊಳಗೇ ಉಳಿಯುತ್ತಾರೆ. ಟೂರ್‌ಗೆ ಕೊಡುವ ಎಟಿವಿಗಳು ಸುಮಾರಾಗಿ 250ರಿಂದ 350 ಕೆಜಿ ತೂಗುತ್ತವೆ. ಹಾಗಾಗಿ ಈ ವ್ಯತ್ಯಾಸ ಚಿಕ್ಕದಲ್ಲ.

ಈಗ ಮಗನ ವಿಷಯ. ಎಟಿವಿಯ ಸೀಟು ಉದ್ದಕ್ಕಿರುತ್ತದೆ. ನೋಡಿದವರಿಗೆ ಇಬ್ಬರು ಕೂರುವುದಕ್ಕೇ ಮಾಡಿದ್ದು ಅನ್ನಿಸುತ್ತದೆ. ಬಹುಪಾಲು ಮಾಡೆಲ್‌ಗಳಲ್ಲಿ ಅದು ಹಾಗಲ್ಲ. ಓಡಿಸುವವರು ಏರು ಬಂದಾಗ ಮುಂದಕ್ಕೆ, ಇಳಿಜಾರಲ್ಲಿ ಹಿಂದಕ್ಕೆ, ತಿರುವಿನಲ್ಲಿ ಪಕ್ಕಕ್ಕೆ ಜರುಗಬೇಕು. ಆ ಜರುಗಾಟಕ್ಕೆ ಬಿಟ್ಟ ಜಾಗ ಅದು. ಅಲ್ಲಿ ಇನ್ನೊಬ್ಬರು ಕೂತರೆ ನಿಮಗೆ ಅಲ್ಲಾಡಲು ಜಾಗವಿಲ್ಲ. ತೂಕವೆಲ್ಲ ಹಿಂದೆ ಸೇರಿ ಮುಂದಿನ ಚಕ್ರ ಹಗುರಾಗುತ್ತದೆ, ಏರಿನಲ್ಲಿ ಮುಂಭಾಗ ಎದ್ದೇಳುತ್ತದೆ. ಇಬ್ಬರಿಗೆಂದೇ ಮಾಡಿದ ಉದ್ದ ಚಾಸಿಯ ಎಟಿವಿಗಳೂ ಇವೆ, ಕಾಬೋದಲ್ಲಿ ‘ಡಬಲ್’ ಅಂತ ಸ್ವಲ್ಪ ಕಡಿಮೆ ರೇಟಿಗೆ ಕೊಡುತ್ತಾರೆ. ಅದರಲ್ಲೂ 9 ವರ್ಷದ ಹುಡುಗನನ್ನು ನಾನು ಕೂರಿಸುವುದಿಲ್ಲ. ಹಿಂದೆ ಕೂತವನಿಗೆ ಮುಂದಿನ ಗುಂಡಿ ಕಾಣುವುದಿಲ್ಲ, ನೀವು ಬ್ರೇಕ್ ಹಿಡಿಯುವುದು ಮೊದಲೇ ಗೊತ್ತಾಗುವುದಿಲ್ಲ. ಇನ್ನು ಅವನ ಕೈಗೇ ಗಾಡಿ ಕೊಡುವ ಮಾತಂತೂ ಬೇಡ. 16 ವರ್ಷದೊಳಗಿನವರು ಎಟಿವಿ ಓಡಿಸಬಾರದು ಅನ್ನುವುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ನಿಲುವು.

ಯುಟಿವಿಯಲ್ಲಿ ಕೂರಿಸಬಹುದಾ? ಅದಕ್ಕೊಂದು ಸುಲಭ ಪರೀಕ್ಷೆ ಇದೆ, ವಯಸ್ಸಿಗಿಂತ ಇದೇ ಮುಖ್ಯ. ಬೆನ್ನು ಪೂರ್ತಿ ಸೀಟಿಗೆ ತಾಗಿರಬೇಕು. ಹಾಗೆ ಕೂತಾಗ ಎರಡೂ ಪಾದ ನೆಲಕ್ಕೆ ಸಪಾಟಾಗಿ ಊರಬೇಕು. ಮುಂದಿರುವ ಹಿಡಿ ಕೈಗೆ ಆರಾಮಾಗಿ ಸಿಗಬೇಕು. ಬೆಲ್ಟ್ ಭುಜದ ಮೇಲೆ ಬರಬೇಕು, ಕತ್ತಿನ ಮೇಲೆ ಅಲ್ಲ. ಮನೆಯಲ್ಲಿ ಊಟದ ಕುರ್ಚಿ ಮೇಲೆ ಕೂರಿಸಿ ಒಮ್ಮೆ ನೋಡಿ, ಅಂದಾಜು ಸಿಗುತ್ತದೆ. ಕಾಲು ನೇತಾಡಿದರೆ ಈ ವರ್ಷ ಬೇಡ. ಅಲ್ಲಿ ಹೋದ ಮೇಲೂ ಗಾಡಿ ಹೊರಡುವ ಮುಂಚೆ ನೀವೇ ಇನ್ನೊಮ್ಮೆ ನೋಡಿ. ಗೈಡ್ ‘ನೋ ಪ್ರಾಬ್ಲಂ’ ಅಂತಾನೆ, ಅದು ಅವನ ಕೆಲಸ.

ನನ್ನ ಸಲಹೆ ಇಷ್ಟು. ನಾಲ್ಕು ಸೀಟಿನ ಒಂದು ಯುಟಿವಿ ತಗೊಳ್ಳಿ. ನಿಮ್ಮಿಬ್ಬರಲ್ಲಿ ಒಬ್ಬರು ಅದನ್ನು ಓಡಿಸಿ, ಅಮ್ಮ ಮುಂದಿನ ಸೀಟು, ಮಗ ಹಿಂದೆ. ಇನ್ನೊಬ್ಬರು ಒಂಟಿ ಎಟಿವಿಯಲ್ಲಿ ಬನ್ನಿ. ಬುಕ್ ಮಾಡುವಾಗಲೇ ಇಬ್ಬರನ್ನೂ ಡ್ರೈವರ್ ಅಂತ ಬರೆಸಿ, ಇಬ್ಬರೂ ಒರಿಜಿನಲ್ ಲೈಸೆನ್ಸ್ ಇಟ್ಟುಕೊಳ್ಳಿ. ಬೀಚ್ ತಲುಪಿದ ಮೇಲೆ ಗಾಡಿ ಬದಲಿಸಿಕೊಳ್ಳಬಹುದು. ಆಗ ಎಟಿವಿ ಯಾರಿಗೆ ಅನ್ನುವ ಜಗಳವೂ ಇಲ್ಲ.

ಅಮ್ಮನನ್ನು ಒಮ್ಮೆ ಸರಿಯಾಗಿ ಕೇಳಿ. ನಮ್ಮ ಅಮ್ಮಂದಿರು ‘ನೀವು ಹೋಗ್ಬನ್ನಿ, ನಾನು ಇಲ್ಲೇ ಕೂತಿರ್ತೀನಿ’ ಅಂತಲೇ ಶುರು ಮಾಡುವುದು. ಮಂಡಿ, ಬೆನ್ನು ಚೆನ್ನಾಗಿದ್ದು, ಮೂಳೆ ಸವೆತ ಅಂತ ಡಾಕ್ಟರ್ ಹೇಳಿಲ್ಲದಿದ್ದರೆ 61 ಏನೂ ದೊಡ್ಡ ವಯಸ್ಸಲ್ಲ. ಮುಂದಿನ ಸೀಟಿನಲ್ಲೇ ಕೂರಿಸಿ ಅಂದದ್ದಕ್ಕೆ ಕಾರಣ ಇದೆ. ಅದು ಮುಂದಿನ, ಹಿಂದಿನ ಚಕ್ರಗಳ ನಡುವೆ ಬರುತ್ತದೆ, ಕುಲುಕಾಟ ಕಡಿಮೆ. ಹಿಂದಿನ ಸೀಟು ಹಿಂದಿನ ಚಕ್ರದ ಹತ್ತಿರ ಇರುವುದರಿಂದ ಎತ್ತಿ ಎತ್ತಿ ಹಾಕುತ್ತದೆ. ಮಕ್ಕಳಿಗೆ ಅದೇ ಮಜಾ.

ಅಪ್ಪನಿಗೆ ಮಾತ್ರ ಇದು ಬೇಡ. ಡಿಸ್ಕ್ ಇರುವವರಿಗೆ ಬೀಳುವ ಭಯಕ್ಕಿಂತ ಕೂತಲ್ಲೇ ಆಗುವ ಪೆಟ್ಟಿನ ಭಯ ಜಾಸ್ತಿ. ಅಲ್ಲಿನ ಮಣ್ಣು ದಾರಿಗಳ ಮೇಲೆ ಗಾಡಿ ಓಡಿ ಓಡಿ ಅಡ್ಡಡ್ಡ ಅಲೆ ಬಿದ್ದಿರುತ್ತದೆ. ಆ ಅಲೆಗಳ ಮೇಲೆ ಹೋಗುವಾಗ ಗಾಡಿ ಪಟಪಟ ಬಡಿಯುತ್ತದೆ, ಪ್ರತಿ ಬಡಿತವೂ ಸೀದಾ ಸೊಂಟಕ್ಕೆ. ಯುಟಿವಿಯ ಶಾಕ್ ಅಬ್ಸಾರ್ಬರ್ ಅದನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಅರ್ಧ ದಾರಿಯಲ್ಲಿ ನೋವು ಶುರುವಾದರೆ ಇಳಿದು ಆಟೋ ಹತ್ತುವ ಜಾಗ ಅಲ್ಲ ಅದು. ಅವರಿಗೆ ಬೇರೆ ಏನು ಅಂತ ಕೊನೆಗೆ ಹೇಳುತ್ತೇನೆ.

ಇನ್ನು ನಿಮ್ಮ ಬುಲೆಟ್ ಅಭ್ಯಾಸ. ಬೇಜಾರು ಮಾಡಿಕೊಳ್ಳಬೇಡಿ, ನಾನು ಜಾಸ್ತಿ ಎಚ್ಚರಿಕೆ ಹೇಳುವುದೇ ಬೈಕ್ ಚೆನ್ನಾಗಿ ಬರುವವರಿಗೆ. ಬೈಕ್ ಸ್ವಲ್ಪ ವಾಲಿದರೆ ಸಾಕು, ನಮ್ಮ ಕಾಲು ತಾನಾಗಿ ನೆಲಕ್ಕೆ ಹೋಗುತ್ತದೆ. ಸ್ಕೂಟಿಯವರಿಗೂ ಅಷ್ಟೆ. ಎಟಿವಿಯಲ್ಲಿ ಕಾಲು ಕೆಳಗಿಟ್ಟರೆ ಅದು ಹಿಂದಿನ ಚಕ್ರದ ಮುಂದೆ ಬೀಳುತ್ತದೆ. ಗಾಡಿ ನಿಮ್ಮದೇ ಕಾಲಿನ ಮೇಲೆ ಹತ್ತುತ್ತದೆ. ಏನೇ ಆಗಲಿ, ಗಾಡಿ ಚಲಿಸುತ್ತಿರುವಾಗ ಪಾದ ಫುಟ್‌ರೆಸ್ಟ್ ಬಿಡಬಾರದು. ಹೆಂಡತಿಗೂ ಇದನ್ನು ಮನೆಯಲ್ಲೇ ಹೇಳಿ. ಅಲ್ಲಿ ಇಂಜಿನ್ ಸದ್ದಿನ ನಡುವೆ ಹೇಳಿದ್ದು ತಲೆಗೆ ಹೋಗುವುದಿಲ್ಲ.

ಎರಡನೆಯದು ಆಕ್ಸಿಲರೇಟರ್. ಬೈಕಿನಲ್ಲಿ ಮಣಿಕಟ್ಟು ತಿರುಗಿಸುತ್ತೀರಿ. ಇಲ್ಲಿ ಬಲಗೈ ಹೆಬ್ಬೆರಳಿನಿಂದ ಒಂದು ಚಿಕ್ಕ ಲಿವರ್ ಒತ್ತಬೇಕು. ಗಾಡಿ ಗುಂಡಿಗೆ ಬಿದ್ದು ಕುಲುಕಿದಾಗ ಹೊಸಬರು ಹ್ಯಾಂಡಲ್ ಗಟ್ಟಿಯಾಗಿ ಹಿಡಿಯುತ್ತಾರೆ. ಹಿಡಿತದ ಜೊತೆ ಹೆಬ್ಬೆರಳೂ ಒತ್ತುತ್ತದೆ, ಗಾಡಿ ಮುಂದಕ್ಕೆ ನುಗ್ಗುತ್ತದೆ. ಅದಕ್ಕೆ ಗಾಬರಿಯಾಗಿ ಇನ್ನೂ ಗಟ್ಟಿ ಹಿಡಿಯುತ್ತಾರೆ. ಎಷ್ಟೋ ಜನ ಬೇಲಿಗೋ ಕಳ್ಳಿಗೋ ಹೋಗಿ ಗುದ್ದುವುದು ಹೀಗೇ. ಕುಲುಕು ಬಂತು ಅಂದರೆ ಹೆಬ್ಬೆರಳು ಎತ್ತಬೇಕು, ನಾಲ್ಕು ಬೆರಳಿನಲ್ಲಿ ಹಿಡಿದಿರಬೇಕು. ಹೆಚ್ಚಿನ ಕಂಪನಿಗಳಲ್ಲಿ ಹೊರಡುವ ಮುಂಚೆ ಚಿಕ್ಕ ಮೈದಾನದಲ್ಲಿ ಒಂದೆರಡು ಸುತ್ತು ಹಾಕಿಸುತ್ತಾರೆ. ಅಲ್ಲಿ ಸ್ಟೈಲ್ ತೋರಿಸಬೇಡಿ, ಇದನ್ನೇ ಅಭ್ಯಾಸ ಮಾಡಿ. ಇನ್ನೆರಡು ಸುತ್ತು ಬೇಕು ಅಂತ ಕೇಳುವುದಕ್ಕೆ ಸಂಕೋಚವೇ ಬೇಡ.

ತಿರುವು ಕೂಡ ಬೇರೆ. ಬೈಕ್ ತಿರುವಿನಲ್ಲಿ ಒಳಕ್ಕೆ ವಾಲುತ್ತದೆ, ಎಟಿವಿ ವಾಲುವುದಿಲ್ಲ. ಅದು ನಿಮ್ಮನ್ನು ಹೊರಕ್ಕೆ ಎಸೆಯಲು ನೋಡುತ್ತದೆ. ಆದ್ದರಿಂದ ನೀವೇ ಮೈಯನ್ನು ಒಳಕ್ಕೆ ವಾಲಿಸಬೇಕು, ಹೊರಗಿನ ಕಾಲಿನ ಮೇಲೆ ಭಾರ ಕೊಡಬೇಕು. ಸುಮ್ನೆ ಹ್ಯಾಂಡಲ್ ಮಾತ್ರ ತಿರುಗಿಸಿ ನೆಟ್ಟಗೆ ಕೂತರೆ ಒಳಗಿನ ಚಕ್ರ ಮೇಲೇಳುತ್ತದೆ.

ಈಗ ಜಾಗದ ಬಗ್ಗೆ. ಕಾಬೋ ಇರುವುದು ಬಾಹಾ ಪರ್ಯಾಯ ದ್ವೀಪದ ತುತ್ತತುದಿಯಲ್ಲಿ, ಕರ್ಕಾಟಕ ಸಂಕ್ರಾಂತಿ ವೃತ್ತದ ಸ್ವಲ್ಪ ದಕ್ಷಿಣಕ್ಕೆ. ಹೆಚ್ಚುಕಡಿಮೆ ಕಛ್‌ನ ಮಾಂಡವಿಯ ಅಕ್ಷಾಂಶವೇ. ಅಲ್ಲಿಯ ಹಾಗೆ ಇಲ್ಲೂ ಒಣನೆಲ ಹೋಗಿ ಕಡಲಿಗೆ ಮುಟ್ಟುತ್ತದೆ. ಮರುಭೂಮಿ ಅಂದ ತಕ್ಷಣ ದುಬೈಯ ಮರಳಗುಡ್ಡ ನೆನೆಸಿಕೊಂಡು ಹೋದರೆ ನಿರಾಸೆ ಆಗಬಹುದು. ಇದು ಕಳ್ಳಿ ಕಾಡು. ಕಾರ್ಡೋನ್ ಅನ್ನುವ ಕಂಬದಂಥ ಕಳ್ಳಿಗಳು ಮರಕ್ಕಿಂತ ಎತ್ತರ ನಿಂತಿರುತ್ತವೆ, ಜಗತ್ತಿನ ಅತಿ ಎತ್ತರದ ಕಳ್ಳಿಗಳಲ್ಲಿ ಅವೂ ಸೇರಿವೆ. ಎಟಿವಿ ಟೂರ್‌ಗಳಿಗೆ ಹೆಸರಾದದ್ದು ಮಿಗ್ರಿನ್ಯೋ. ಊರಿನಿಂದ ತೋದೋಸ್ ಸಾಂತೋಸ್ ಕಡೆ ಹೋಗುವ 19ನೇ ಹೆದ್ದಾರಿಯಲ್ಲಿ ಅರ್ಧ ಗಂಟೆ ದಾರಿ. ಮೊದಲು ಕಳ್ಳಿಗಳ ನಡುವಿನ ಮಣ್ಣು ದಾರಿ, ಆಮೇಲೆ ಅರೋಯೋ ಅಂತ ಕರೆಯುವ ಬತ್ತಿದ ಹಳ್ಳ, ಅದನ್ನು ಹಿಡಿದು ಹೋದರೆ ಮರಳ ದಿಬ್ಬ, ದಿಬ್ಬ ದಾಟಿದರೆ ಪೆಸಿಫಿಕ್ ಸಾಗರ. ಮೂರ್ನಾಲ್ಕು ಥರದ ನೆಲ ಒಂದೇ ಬೆಳಿಗ್ಗೆಯಲ್ಲಿ ಸಿಗುವುದೇ ಈ ಟೂರ್‌ನ ಸೊಗಸು. ಕಷ್ಟವೂ ಅದೇ, ಪ್ರತಿ ನೆಲಕ್ಕೂ ಕೈ ಬದಲಿಸಬೇಕು.

ಮಣ್ಣು ದಾರಿಯಲ್ಲಿ ದೂಳು. ಮುಂದಿನ ಗಾಡಿಯ ದೂಳು ಕೂರುವಷ್ಟು ಅಂತರ ಬಿಡಿ. ಹಳ್ಳದ ಮರಳು ಸಡಿಲ. ಬೆಟ್ಟದ ಗ್ರಾನೈಟ್ ಸವೆದು ಬಂದದ್ದು, ದಪ್ಪ ದಪ್ಪ ಕಾಳು. ಅಲ್ಲಿ ಹ್ಯಾಂಡಲ್ ತಾನೇ ಅತ್ತಿತ್ತ ಹೊರಳುತ್ತದೆ. ಅದರ ಜೊತೆ ಕುಸ್ತಿ ಮಾಡಬೇಡಿ. ಕೈ ಸಡಿಲ ಬಿಟ್ಟು, ದೂರ ನೋಡುತ್ತಾ, ಒಂದೇ ಸಮನೆ ಆಕ್ಸಿಲರೇಟರ್ ಕೊಡಿ. ಅಂಜಿ ಪೂರ್ತಿ ಬಿಟ್ಟರೆ ಚಕ್ರ ಹೂತುಕೊಳ್ಳುತ್ತದೆ. ಹೂತ ಮೇಲೆ ಗರಗರ ತಿರುಗಿಸಿದರೆ ಇನ್ನೂ ಆಳಕ್ಕೆ ಹೋಗುತ್ತದೆ. ಸುಮ್ಮನೆ ಕೈ ಎತ್ತಿ, ಗೈಡ್ ಬರುತ್ತಾನೆ. ಎಟಿವಿ ಟೈರಿನ ಗಾಳಿ ಬಹಳ ಕಡಿಮೆ ಇರುತ್ತದೆ, ಕಾರಿಗೆ 32 ಪಿಎಸ್‌ಐ ಹಾಕಿದರೆ ಇದಕ್ಕೆ ಸುಮಾರು 5. ಉಬ್ಬಿದ ಮೆತ್ತನೆ ಟೈರು ಮರಳಿನ ಮೇಲೆ ಅಗಲವಾಗಿ ಹರಡಿಕೊಳ್ಳಲಿ ಅಂತ. ಅದೇ ಕಾರಣಕ್ಕೆ ಡಾಂಬರಿನ ಮೇಲೆ ಎಟಿವಿ ಕೆಟ್ಟದಾಗಿ ನಡೆದುಕೊಳ್ಳುತ್ತದೆ. ಹೆದ್ದಾರಿ ಮೇಲೆ ಓಡಿಸಿಕೊಂಡು ಹೋಗುವ ಟೂರ್ ಇದ್ದರೆ ಅದನ್ನು ಬಿಟ್ಟುಬಿಡಿ. ನಿಮ್ಮನ್ನು ವ್ಯಾನಿನಲ್ಲಿ ಕರೆದೊಯ್ದು ಕಚ್ಚಾ ದಾರಿಯಲ್ಲೇ ಗಾಡಿ ಕೊಡುವವರು ಬೇಕು.

ದಿಬ್ಬ ಹತ್ತುವಾಗ ನೇರ ಹತ್ತಬೇಕು, ಅಡ್ಡಡ್ಡ ಹೋದರೆ ಉರುಳುವುದು ಸುಲಭ. ತುದಿಗೆ ಬರುವ ಮುಂಚೆ ನಿಧಾನ ಮಾಡಿ. ಆಚೆ ಕಡೆ ಯಾರಾದರೂ ನಿಂತಿರಬಹುದು, ಇಳಿಜಾರು ಕಡಿದಾಗಿರಬಹುದು, ತುದಿ ಮುಟ್ಟುವವರೆಗೆ ಅದು ಕಾಣುವುದಿಲ್ಲ. ಒಳ್ಳೆ ಗೈಡ್ ಒಬ್ಬೊಬ್ಬರನ್ನೇ ದಾಟಿಸುತ್ತಾನೆ.

ಬೀಚ್ ತಲುಪಿದ ಮೇಲೆ ಎಲ್ಲರಿಗೂ ಒಂದೇ ಆಸೆ, ಅಲೆ ಚಿಮ್ಮಿಸಿಕೊಂಡು ನೀರಲ್ಲಿ ಓಡಿಸಬೇಕು. ಓಡಿಸಬೇಡಿ. ಉಪ್ಪುನೀರು ಬೇರಿಂಗು, ಬ್ರೇಕು ಎಲ್ಲ ತಿನ್ನುತ್ತದೆ, ಎಷ್ಟೋ ಕಡೆ ಅದಕ್ಕೆ ದಂಡ ಹಾಕುತ್ತಾರೆ. ನೀವು ಹೋಗುವ ಹೊತ್ತು ಆಮೆಗಳದ್ದು ಕೂಡ. ಆಲಿವ್ ರಿಡ್ಲಿ ಕಡಲಾಮೆಗಳು ಬೇಸಿಗೆ ಕೊನೆಯಿಂದ ಇಲ್ಲಿ ಮೊಟ್ಟೆ ಇಡುತ್ತವೆ, ಮರಿ ಹೊರಬರುವುದು ಒಂದೂವರೆ ಎರಡು ತಿಂಗಳ ಮೇಲೆ. ಡಿಸೆಂಬರ್‌ನಲ್ಲೂ ಮರಳಿನಡಿ ಗೂಡುಗಳಿರುತ್ತವೆ. ಗಾಡಿಯ ತೂಕಕ್ಕೆ ಗೂಡು ಕುಸಿಯುತ್ತದೆ. ಚಕ್ರದ ಗೆರೆ ನಮಗೆ ಗೆರೆ ಅಷ್ಟೆ, ಬೆರಳುದ್ದದ ಮರಿಗೆ ಅದು ಹತ್ತಲಾಗದ ಕಾಲುವೆ. ಮೆಕ್ಸಿಕೋದಲ್ಲಿ 1990ರಿಂದ ಕಡಲಾಮೆಗಳಿಗೆ ಪೂರ್ತಿ ರಕ್ಷಣೆ ಇದೆ. ಆದ್ದರಿಂದ ಬುಕ್ ಮಾಡುವ ಮುಂಚೆ ಕೇಳಿ: ಬೀಚ್ ಮೇಲೆ ಎಲ್ಲಿ ಓಡಿಸುತ್ತೀರಿ? ‘ಎಲ್ಲಿ ಬೇಕಾದರೂ’ ಅಂದರೆ ಬೇರೆಯವರನ್ನು ನೋಡಿ. ‘ಗುರುತು ಮಾಡಿದ ದಾರಿಯಲ್ಲಿ ಮಾತ್ರ, ದಡದಲ್ಲಿ ಗಾಡಿ ನಿಲ್ಲಿಸಿ ನಡೆಯಬೇಕು’ ಅಂದರೆ ಅವರೇ ಸರಿ. ನೀವು ದುಡ್ಡು ಕೊಟ್ಟಿದ್ದು ಕಡಿಮೆ ಮಜಾಕ್ಕೆ ಅನ್ನಿಸಬಹುದು, ಅನ್ನಿಸಲಿ.

ನೀರಿಗೂ ಇಳಿಯಬೇಡಿ, ಮಗನ ಕೈ ಬಿಡಬೇಡಿ. ಪೆಸಿಫಿಕ್ ಕಡೆಯ ಈ ದಡ ಕಡಿದಾಗಿ ಆಳಕ್ಕೆ ಇಳಿಯುತ್ತದೆ. ಅಲೆ ದಡದ ಮೇಲೇ ಒಡೆದು, ಹಿಂದಿರುಗುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಮಂಡಿ ಮಟ್ಟದ ನೀರು ಕೂಡ ದೊಡ್ಡವರನ್ನು ಕೆಡವುತ್ತದೆ. ಈಜಬೇಕಿದ್ದರೆ ಮಧ್ಯಾಹ್ನ ಊರಿನ ಮೆದಾನೋ ಬೀಚ್, ಇಲ್ಲವೇ ಚಿಲೇನೋ ಕೊಲ್ಲಿ.

ಬೆಳಿಗ್ಗೆಯದೋ ಸಂಜೆಯದೋ? ಸಂಜೆ ಟೂರ್‌ಗೆ ಬೇಡಿಕೆ ಜಾಸ್ತಿ, ಫೋಟೋ ಚೆನ್ನಾಗಿ ಬರುತ್ತದೆ. ನಾನು ಬೆಳಿಗ್ಗೆಯದನ್ನೇ ಹೇಳುತ್ತೇನೆ. ಸಮುದ್ರ ಇರುವುದು ಪಶ್ಚಿಮಕ್ಕೆ. ಸಂಜೆ ಬೀಚಿನ ಕಡೆ ಹೋಗುವಾಗ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಅದಕ್ಕೆ ದೂಳು ಸೇರಿದರೆ ಮುಂದಿನ ಗಾಡಿ ಕಾಣುವುದೇ ಇಲ್ಲ. ಡಿಸೆಂಬರ್‌ನಲ್ಲಿ ಸೂರ್ಯ 5.40ರ ಹೊತ್ತಿಗೆ ಮುಳುಗುತ್ತಾನೆ. ಸ್ವಲ್ಪ ತಡವಾದರೂ ವಾಪಸ್ ದಾರಿ ಕತ್ತಲೆಯಲ್ಲಿ. ಬೆಳಿಗ್ಗೆ ಮೊದಲ ತಂಡದವರಿಗೆ ದೂಳೂ ಕಡಿಮೆ, ಗೈಡ್‌ಗೂ ಸುಸ್ತಿಲ್ಲ.

ಬಟ್ಟೆ ವಿಷಯ. ಮುಚ್ಚಿದ ಶೂ, ಉದ್ದ ಪ್ಯಾಂಟು, ಉದ್ದ ತೋಳು. ಚಪ್ಪಲಿ ಬೇಡವೇ ಬೇಡ. ಅಮ್ಮನಿಗೆ ಸೀರೆ, ದುಪ್ಪಟ್ಟ, ಹೊದ್ದ ಶಾಲು ಯಾವುದೂ ಬೇಡ, ಹಾರಿ ಚಕ್ರಕ್ಕೆ ಸುತ್ತಿಕೊಂಡರೆ ಎಳೆಯುವುದು ಕತ್ತನ್ನು. ಕುರ್ತಾದ ಮೇಲೊಂದು ಜಾಕೆಟ್ ಹಾಕಿ ಜಿಪ್ ಎಳೆಯಲಿ, ಜಡೆ ಜಾಕೆಟ್ ಒಳಗೆ. ಹೆಲ್ಮೆಟ್ಟು, ಗಾಗಲ್ಸು ಅವರೇ ಕೊಡುತ್ತಾರೆ. ಹೆಲ್ಮೆಟ್ ಹಾಕಿ ತಲೆ ಅಲ್ಲಾಡಿಸಿದಾಗ ಅದು ಬೇರೆಯಾಗಿ ಅಲ್ಲಾಡಬಾರದು, ಮಗನಿಗೆ ಮಕ್ಕಳ ಸೈಜೇ ಕೇಳಿ. ಹತ್ತಾರು ಜನ ಹಾಕಿದ್ದು ಅಂತ ಮುಖ ಸಿಂಡರಿಸುವವರು ಒಂದು ಹತ್ತಿ ಕರ್ಚೀಫ್ ಒಳಗೆ ಕಟ್ಟಿಕೊಳ್ಳಿ. ಮೂಗಿಗೆ ಇನ್ನೊಂದು. ಯಾರಿಗಾದರೂ ಆಸ್ತಮಾ ಇದ್ದರೆ ಕರ್ಚೀಫ್ ಸಾಲದು, ಎನ್95 ಮಾಸ್ಕ್ ಬೇಕು, ಇನ್‌ಹೇಲರ್ ಜೇಬಲ್ಲಿರಲಿ. ಚಿಕ್ಕ ಬಾಚಣಿಗೆಯೊಂದು ಇಟ್ಟುಕೊಳ್ಳಿ. ಚೋಯಾ ಅನ್ನುವ ಕಳ್ಳಿಯ ತುಂಡು ಸ್ವಲ್ಪ ತಾಗಿದರೂ ಬಟ್ಟೆಗೋ ಚರ್ಮಕ್ಕೋ ಅಂಟಿಕೊಳ್ಳುತ್ತದೆ. ಕೈಯಲ್ಲಿ ಕೀಳಲು ಹೋದರೆ ಕೈಗೂ ಅಂಟುತ್ತದೆ. ಬಾಚಣಿಗೆ ಹಲ್ಲನ್ನು ಮುಳ್ಳಿನ ನಡುವೆ ತೂರಿಸಿ ಒಂದೇ ಸಲ ಎಗರಿಸಬೇಕು.

ದುಡ್ಡು, ಕಾಗದಪತ್ರ. ಕಾಬೋ ವಿಮಾನ ನಿಲ್ದಾಣದಿಂದ ಹೊರಬರುವಾಗಲೇ ‘ಎಟಿವಿ ಫ್ರೀ’ ಅಂತ ನಗುನಗುತ್ತಾ ಅಡ್ಡ ಬರುತ್ತಾರೆ. ಅದು ಟೈಮ್‌ಶೇರ್, ಅಂದರೆ ರೆಸಾರ್ಟ್ ಕೋಣೆಯನ್ನು ವರ್ಷಕ್ಕೆ ಇಷ್ಟು ದಿನ ಅಂತ ಹಂಚಿ ಮಾರುವವರ ಗಾಳ. ಒಂದೂವರೆ ಗಂಟೆ ಕೂತರೆ ಸಾಕು ಅಂತಾರೆ, ಅರ್ಧ ದಿನ ಹೋಗುತ್ತದೆ. ಕಣ್ಣು ಕೊಡದೆ ನಡೆಯಿರಿ. ಆನ್‌ಲೈನ್ ರೇಟಿನ ಮೇಲೆ ಪ್ರವೇಶ ಶುಲ್ಕ, ಗಾಡಿ ಡ್ಯಾಮೇಜ್ ಇನ್ಶೂರೆನ್ಸ್ ಅಂತ ಅಲ್ಲೇ ವಸೂಲಿ ಮಾಡುವುದು ಮಾಮೂಲು. ಇವೆಲ್ಲ ಸೇರಿ ಎಷ್ಟು ಅಂತ ಮೊದಲೇ ಬರಹದಲ್ಲಿ ತರಿಸಿಕೊಳ್ಳಿ. ಆ ಇನ್ಶೂರೆನ್ಸ್ ಗಾಡಿಗೆ, ನಿಮ್ಮ ಮೂಳೆಗಲ್ಲ ಅನ್ನುವುದು ನೆನಪಿರಲಿ. ಹತ್ತುವ ಮುಂಚೆ ಗಾಡಿಯನ್ನು ಸುತ್ತಲೂ ವಿಡಿಯೋ ಮಾಡಿ.

ಇದಕ್ಕಿಂತ ದೊಡ್ಡದು ವೈದ್ಯಕೀಯ ವಿಮೆ. ಅಪ್ಪ ಅಮ್ಮನಿಗೆ ನೀವು ಮಾಡಿಸಿರುವ ವಿಸಿಟರ್ ಇನ್ಶೂರೆನ್ಸ್ ಮೆಕ್ಸಿಕೋದಲ್ಲಿ ನಡೆಯುತ್ತದಾ? ಎಷ್ಟೋ ಪಾಲಿಸಿಗಳಲ್ಲಿ ಎಟಿವಿಯನ್ನು ಹೆಸರು ಹಿಡಿದೇ ಹೊರಗಿಟ್ಟಿರುತ್ತಾರೆ. ಪಾಲಿಸಿಯಲ್ಲಿ ಏನೇನು ಹೊರಗಿಟ್ಟಿದ್ದಾರೆ ಅನ್ನುವ ಪಟ್ಟಿಯನ್ನು ಓದಿ, ಮಾರಾಟದವರ ಮಾತನ್ನಲ್ಲ. ಅಲ್ಲಿನ ಖಾಸಗಿ ಆಸ್ಪತ್ರೆಗಳು ಮೊದಲು ಕಾರ್ಡ್ ಕೇಳುವುದೇ ಹೆಚ್ಚು. ತುರ್ತು ನಂಬರ್ ಅಲ್ಲೂ 911. ವೀಸಾ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಭಾರತದ ಪಾಸ್‌ಪೋರ್ಟಿನವರಿಗೆ ಅವಧಿ ಮುಗಿಯದ ಅಮೆರಿಕ ವೀಸಾ ಪಾಸ್‌ಪೋರ್ಟಿನಲ್ಲಿದ್ದರೆ, ಇಲ್ಲವೇ ಗ್ರೀನ್ ಕಾರ್ಡ್ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ಇರುವವರು ಪಾಸ್‌ಪೋರ್ಟಿನ ವೀಸಾ ಸ್ಟಾಂಪಿನ ಅವಧಿ ಮುಗಿದಿದ್ದರೆ ಬರೀ ಅನುಮೋದನೆ ಪತ್ರ ಹಿಡಿದು ಹೋಗಬಾರದು.

ಗೈಡ್ ಹತ್ತಿರ ಹೊರಡುವ ಮುಂಚೆ ಒಂದು ಮಾತು ಹೇಳಿ, ‘ನಾವು ನಿಧಾನ, ನಿಮ್ಮ ಹಿಂದೆಯೇ ಇರುತ್ತೇವೆ’ ಅಂತ. ತಂಡದ ಕೊನೆಯಲ್ಲಿದ್ದರೆ ಮುಂದಿನವರನ್ನು ಹಿಡಿಯುವ ಆತುರದಲ್ಲಿ ತಾನಾಗಿ ಸ್ಪೀಡ್ ಏರುತ್ತದೆ. ಗೈಡ್ ಬೆನ್ನಿಗೇ ಇದ್ದರೆ ವೇಗ ನಿಮ್ಮದು, ದೂಳೂ ಒಂದೇ ಗಾಡಿಯದು. ತಂಡ ದೊಡ್ಡದಿದ್ದರೆ ಹಿಂದೊಬ್ಬ ಗೈಡ್ ಇದ್ದಾನಾ ನೋಡಿಕೊಳ್ಳಿ.

ಊಟಕ್ಕೆ ಟಾಕೋ ಕೊಡುವವರು ಇದ್ದಾರೆ, ಕೊನೆಗೆ ಅಲ್ಲಿನ ಮದ್ಯ ತೆಕೀಲಾದ ರುಚಿ ನೋಡಿಸುವವರೂ ಇದ್ದಾರೆ. ಗಾಡಿ ಕೀ ವಾಪಸ್ ಕೊಟ್ಟ ಮೇಲೆ ತೆಕೀಲಾ ನಿಮ್ಮಿಷ್ಟ, ಮಧ್ಯದಲ್ಲಿ ಕೊಟ್ಟರೆ ಬೇಡ ಅನ್ನಿ. ಸಸ್ಯಾಹಾರಿಗಳಾದರೆ ‘ಬೀನ್ಸ್ ಮಾತ್ರ’ ಅಂದರೆ ಸಾಲದು, ಆ ಬೀನ್ಸನ್ನು ಹಂದಿ ಕೊಬ್ಬಿನಲ್ಲಿ ಬೇಯಿಸುವುದುಂಟು. ‘ಸಿನ್ ಕಾರ್ನೆ, ಸಿನ್ ಮಾಂತೇಕಾ’ ಅಂತ ಹೇಳಿ, ಮಾಂಸವೂ ಬೇಡ, ಆ ಕೊಬ್ಬೂ ಬೇಡ ಅಂತ. ಬೆಳಿಗ್ಗೆ ಅವಲಕ್ಕಿ ಚೂಡಾ ಜೇಬಿಗೆ ಹಾಕಿಕೊಂಡರೆ ಇನ್ನೂ ನಿಶ್ಚಿಂತೆ.

ಇನ್ನು ಅಪ್ಪ. ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಕಾಬೋದಲ್ಲಿ ತಿಮಿಂಗಿಲ ನೋಡುವ ಕಾಲ. ಹಂಪ್‌ಬ್ಯಾಕ್ ತಿಮಿಂಗಿಲಗಳು ಈ ಬೆಚ್ಚನೆ ನೀರಿಗೆ ಮರಿ ಹಾಕಲು ಬರುತ್ತವೆ. ಎಟಿವಿಗೆ ಬದಲು ಅವರಿಗೆ ಅದನ್ನು ತೋರಿಸಿ, ಇನ್ನೊಂದು ದಿನ ಎಲ್ಲರೂ ಜೊತೆಗೆ ಹೋಗಿ. ದೋಣಿ ಆರಿಸುವಾಗ ಮಾತ್ರ ಎಚ್ಚರ. ರಬ್ಬರಿನ ಸ್ಪೀಡ್ ಬೋಟ್ ಅಲೆ ಮೇಲೆ ಎದ್ದು ಎದ್ದು ಬೀಳುತ್ತದೆ, ಎಟಿವಿಯಲ್ಲಿ ತಪ್ಪಿಸಿದ ಪೆಟ್ಟು ಇಲ್ಲಿ ಬೀಳುತ್ತದೆ. ನೆರಳು, ಶೌಚಾಲಯ, ಒರಗುವ ಸೀಟು ಇರುವ ದೊಡ್ಡ ಕಟಮರಾನ್ (ಜೋಡಿ ಒಡಲಿನ ದೋಣಿ) ತಗೊಳ್ಳಿ, ಹಿಂಭಾಗದಲ್ಲಿ ಕೂರಿಸಿ. ನೀವು ನಾಲ್ವರು ಎಟಿವಿಗೆ ಹೋದ ಬೆಳಿಗ್ಗೆ ಅವರು ಮರೀನಾ, ಅಂದರೆ ದೋಣಿ ನಿಲ್ಲುವ ಕಟ್ಟೆಯ ಸುತ್ತ ವಾಕಿಂಗ್ ಮಾಡಲಿ. ಅಲ್ಲಿ ಮೀನು ಹಿಡಿಯುವ ದೋಣಿಗಳ ಹಿಂದೆ ಕಡಲಸಿಂಹಗಳು ಬರುತ್ತವೆ, ನೋಡುತ್ತಾ ನಿಂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಅವರ ಫೋನಿಗೆ ಮೆಕ್ಸಿಕೋ ರೋಮಿಂಗ್ ಹಾಕಿಸಿ, ಹೋಟೆಲಿನ ವಿಳಾಸ ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿ ಕಳಿಸಿ.